ಖಾಲಿ ಹೊಟ್ಟೆಯಲ್ಲಿ ಮನಸ್ಸು ತೋರಿಸಲು ಹೋದದ್ದು

ನಮ್ಮ ಯಮಕನಮರಡಿಯಲ್ಲಿ ಯಾರೂ ಸುಮ್ಮನೆ ಬಸ್ ಹತ್ತುವಂತಿಲ್ಲ. ನಿಂತವರನ್ನು ಕಂಡೂ ಎಲ್ಲಿಗೆ, ಯಾಕೆ, ಯಾವಾಗ ವಾಪಸು ಎಂದು ಕೇಳದೆ ಮುಂದೆ ಹೋದರೆ ಅದು ಸೊಕ್ಕು. ಉತ್ತರವೇನೂ ಕಷ್ಟದ್ದಲ್ಲ. ಗೋಕಾಕಕ್ಕೆ, ಕೋರ್ಟಿಗೆ; ಗೋಕಾಕಕ್ಕೆ, ಅರಿವೆಗೆ; ಗೋಕಾಕಕ್ಕೆ, ಕಣ್ಣಿಗೆ. ಆದರೆ ‘ಗೋಕಾಕಕ್ಕೆ, ಮನಸ್ಸಿಗೆ’ ಎಂದು ಹೇಳುವ ರೂಢಿ ಇನ್ನೂ ಬಂದಿಲ್ಲ. ಹೀಗಾಗಿ ಆ ಮಂಗಳವಾರ ನಾನು ಹಲ್ಲುನೋವು ಎಂದೆ. ಅಂದ ತಪ್ಪಿಗೆ ನಮ್ಮ ಓಣಿಯ ಹಿರಿಯಳೊಬ್ಬಳು ಸಂಚಿಯಿಂದ ಲವಂಗ ತೆಗೆದುಕೊಟ್ಟು, ಯಾವ ಹಲ್ಲು ಎಂದು ಬಸ್ ಸ್ಟ್ಯಾಂಡಿನಲ್ಲೇ ನನ್ನ ಬಾಯಿ ತೆರೆಸಿದಳು. ಯಾವುದೋ ಒಂದು ಒಳ್ಳೆಯ ಹಲ್ಲನ್ನು ತೋರಿಸಿದೆ. ಆಕೆ ಬಗ್ಗಿ ನೋಡಿ, ಇದು ಪೂರಾ ಹಾಳಾಗಿದೆ, ಕೀಳಿಸಿಬಿಡು ಎಂದು ತೀರ್ಪು ಕೊಟ್ಟಳು.

ಖರೆ ಹೇಳಬೇಕೆಂದರೆ ನನ್ನ ಹಲ್ಲು ಗಟ್ಟಿ. ಊರಿನವರ ಪ್ರಕಾರ ನಾನೂ ಗಟ್ಟಿ. ನಮ್ಮ ಮನೆಯಲ್ಲೇ ಇದ್ದ ನನ್ನ ಅವ್ವ ಹೋದ ಮಳೆಗಾಲದಲ್ಲಿ ಲಿಂಗೈಕ್ಯಳಾದಾಗ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಸಾವಾದ ಮನೆಗೆ ಬಂದು ಕೂತು ಹೋಗುವುದಕ್ಕೆ ನಮ್ಮಲ್ಲಿ ‘ಮಾತಾಡಿಸುವುದು’ ಎನ್ನುತ್ತಾರೆ. ಹಾಗೆ ಮಾತಾಡಿಸಲು ಬಂದವರೆಲ್ಲ ನನ್ನ ಕೊರಳಿಗೆ ಬಿದ್ದು ಅತ್ತರು. ನಾನು ಅವರ ಬೆನ್ನು ಸವರಿದೆ, ನೀರು ಕೊಟ್ಟೆ, ಚಹಾ ಕೊಟ್ಟೆ, ಸಕ್ಕರೆ ಕಾಯಿಲೆಯವರಿಗೆ ಬೇರೆ ಪಾತ್ರೆಯಲ್ಲಿ ಕಾಸಿ ಕೊಟ್ಟೆ. ಹೋಗುವಾಗ ಪ್ರತಿಯೊಬ್ಬರೂ ‘ಬಾಯಾರು ಭಾಳ ಗಟ್ಟಿ’ ಎಂದು ಸರ್ಟಿಫಿಕೇಟು ಕೊಟ್ಟು ಹೋದರು. ಬಾಯಾರು, ಅಂದರೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನಗೆ ಸರ್ಟಿಫಿಕೇಟು ಕೊಟ್ಟು ಗೊತ್ತೇ ಹೊರತು ಪಡೆದು ಗೊತ್ತಿಲ್ಲ. ಖುಷಿಯಿಂದಲೇ ಇಟ್ಟುಕೊಂಡೆ. ಆಮೇಲೆ ನಿದ್ದೆ ಹೋಯಿತು, ಊಟ ಸೇರದಾಯಿತು. ಒಂದು ದಿನ ತರಗತಿಯಲ್ಲಿ ಹಾಜರಿ ಕೂಗಿ ಮುಗಿಸಿದವಳು ಮತ್ತೆ ಮೊದಲಿನಿಂದ ಕೂಗಿದೆನಂತೆ. ನಮ್ಮ ಮಕ್ಕಳ ಶಿಸ್ತು ನೋಡಿ, ಎರಡು ಸಲವೂ ಎಲ್ಲರೂ ಹಾಜರಾದರು. ಮೂರನೆಯ ಸಲ ಶುರು ಮಾಡಿದಾಗ ಹೆಡ್ ಮೇಡಂ ಬಾಗಿಲಲ್ಲಿ ನಿಂತಿದ್ದರು. ಗೋಕಾಕದಲ್ಲಿ ಒಬ್ಬ ಆಪ್ತಸಲಹೆಗಾರ್ತಿ ಇದ್ದಾರೆ, ಒಮ್ಮೆ ಹೋಗಿ ಮಾತಾಡಿ ಬನ್ನಿ ಎಂದು ಅವರೇ ಫೋನ್ ಮಾಡಿ ದಿನ ಗೊತ್ತುಮಾಡಿದರು. ಇದು ಹೀಗೇ ಮುಂದುವರಿದರೆ ಒಂದು ದಿನ ಮಕ್ಕಳ ಎದುರಿಗೇ ಕುಸಿದುಬಿಡುತ್ತೇನೆ ಎಂದು ನನಗೂ ಒಳಗೊಳಗೇ ಹೆದರಿಕೆಯಿತ್ತು, ಒಪ್ಪಿಕೊಂಡೆ.

ನನ್ನ ಗಂಡ ಹೆದ್ದಾರಿ ಬದಿಯಲ್ಲಿ ಟೈರ್ ಅಂಗಡಿ ಇಟ್ಟವರು. ಗಾಳಿ ಹೋಗಿದ್ದರೆ ತುಂಬಬೇಕು, ತೂತಾಗಿದ್ದರೆ ತೇಪೆ ಹಚ್ಚಬೇಕು, ಕುಳಿತು ಮಾತಾಡಿದರೆ ಏನು ರಿಪೇರಿಯಾಗುತ್ತದೆ ಎಂಬುದು ಅವರ ವಾದ. ಆದರೂ ಜೊತೆಗೆ ಹೊರಟರು. ಗೋಕಾಕದ ಯಾವ ಡಾಕ್ಟರೂ ರಕ್ತ ತೆಗೆಯದೆ ಬಿಟ್ಟ ದಾಖಲೆ ನಮ್ಮ ಮನೆತನದಲ್ಲಿಲ್ಲವಾದ್ದರಿಂದ ಬೆಳಗ್ಗೆ ನನಗೆ ನೀರು ಬಿಟ್ಟು ಏನನ್ನೂ ಮುಟ್ಟಗೊಡಲಿಲ್ಲ. ಯಾವುದಕ್ಕೂ ಇರಲಿ ಎಂದು ನನ್ನ ಮೊಣಕಾಲಿನ ಹಳೆಯ ಎಕ್ಸ್-ರೇಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದರು. ಮೊದಲ ಸಲ ಹೋಗುವವರಿಗೆ ನನ್ನದೊಂದೇ ಸಲಹೆ: ದಯವಿಟ್ಟು ತಿಂದು ಹೋಗಿ. ಅಲ್ಲಿ ಸೂಜಿಯಿಲ್ಲ, ಮಂಚವಿಲ್ಲ, ನಾಲಗೆ ಚಾಚು ಎನ್ನುವವರೂ ಇಲ್ಲ. ಎರಡು ಕುರ್ಚಿ, ಒಂದು ತಂಬಿಗೆ ನೀರು, ಒಂದು ಡಬ್ಬಿ ಕಾಗದದ ಕರವಸ್ತ್ರ, ಅಷ್ಟೇ. ಗಂಡನನ್ನೂ ಎಕ್ಸ್-ರೇಯನ್ನೂ ಹೊರಗೇ ಕೂರಿಸಿದರು.

ಸಲಹೆಗಾರ್ತಿ ಸಣ್ಣ ವಯಸ್ಸಿನವರು, ನನ್ನ ಮೊದಲ ಬ್ಯಾಚಿನ ಮಕ್ಕಳ ವಾರಿಗೆಯವರು. ಹೇಗಿದ್ದೀರಿ ಎಂದರು. ಆರಾಮ ಎಂದೆ. ಹೀಗೆ ಕೇಳಿದರೆ ಹಾಗೆ ಹೇಳುವುದು ನಮ್ಮ ಪದ್ಧತಿ, ಗ್ಲುಕೋಸ್ ಬಾಟಲಿಯ ಕೆಳಗೆ ಮಲಗಿದವರೂ ಅದನ್ನೇ ಹೇಳುತ್ತಾರೆ. ಆಮೇಲೆ ಅವರು ಸುಮ್ಮನೆ ಕೂತರು. ಎದುರಿಗಿರುವವರು ಸುಮ್ಮನೆ ಕೂತರೆ ನನಗೆ ಜೀವ ತಡೆಯುವುದಿಲ್ಲ. ಯಾವೂರು ಎಂದು ಕೇಳಿದೆ. ಹತ್ತರಗಿ ಎಂದರು. ನಮ್ಮ ಪಕ್ಕದ ಊರೇ ಆಯಿತಲ್ಲ, ಯಾರ ಪೈಕಿ, ಮನೆ ಎಲ್ಲಿ ಬರುತ್ತದೆ, ಅಣ್ಣತಮ್ಮಂದಿರೆಷ್ಟು, ದಿನಾ ಬಸ್ಸಿಗೇ ಓಡಾಡುತ್ತೀರೋ ಎಂದೆಲ್ಲ ವಿಚಾರಿಸಿದೆ. ಕಣ್ಣಿನ ಕೆಳಗೆ ಕಪ್ಪಾಗಿದೆ, ಸರಿಯಾಗಿ ಮಲಗುವುದಿಲ್ಲವೇ ಎಂದು ಗದರಿದೆ. ಉಪವಾಸವಿದ್ದವಳು ನಾನು, ನಾಷ್ಟಾ ಆಯಿತೇ ಎಂದು ಕೇಳಿದ್ದು ಅವರನ್ನು. ಅಷ್ಟು ಹೊತ್ತಾದ ಮೇಲೆ ಗಮನಿಸಿದೆ: ನಾನು ಅವರನ್ನು ಮಾತಾಡಿಸಲು ಬಂದವಳ ಹಾಗೆ ಕೂತಿದ್ದೆ. ಅವರು ನಗುತ್ತಾ, ನನ್ನ ಸುದ್ದಿ ಸಾಕು, ನಿಮ್ಮ ಅವ್ವನ ಸುದ್ದಿ ಹೇಳಿ ಎಂದರು.

ಹೇಳಿದೆ. ಹೇಳಿದ್ದೇನು, ಬಂದವರ ಕಥೆ. ಸೋದರತ್ತೆ ಹೇಗೆ ಅತ್ತಳು, ಹುಕ್ಕೇರಿಯ ಚಿಗವ್ವ ಹೇಗೆ ಹೊರಳಾಡಿದಳು, ಮೂಡಲಗಿಯಿಂದ ಜೀಪು ಮಾಡಿಕೊಂಡು ಬಂದ ಬೀಗರನ್ನು ಸಮಾಧಾನ ಮಾಡುವಷ್ಟರಲ್ಲಿ ನನಗೆ ಹೇಗೆ ಸಾಕುಬೇಕಾಯಿತು. ಅವರು ಪೂರ್ತಿ ಕೇಳಿದರು.

“ಅವರೆಲ್ಲಾ ನಿಮ್ಮ ಕೊರಳಿಗೆ ಬಿದ್ದು ಅತ್ತರು. ನೀವು ಯಾವಾಗ ಅತ್ತಿರಿ?”

ನನಗೆ ಸಿಟ್ಟು ಬಂತು. ಮನೆ ತುಂಬ ಮಂದಿ ಬಂದಾಗಿನ ಪಾಡು ಗೊತ್ತಿಲ್ಲದ ಹುಡುಗಿ ಎಂದುಕೊಂಡೆ.

“ನನಗ ಪುರುಸೊತ್ತು ಎಲ್ಲಿತ್ತರಿ? ಒಲಿ ಮ್ಯಾಲ ಚಾ ಇತ್ತು.”

“ಬಂದವರೆಲ್ಲಾ ಹೋಗಿ ಭಾಳ ದಿನಾ ಆತರಿ,” ಎಂದರು ಅವರು, ಮೆತ್ತಗೆ. “ಈಗರೆ ಆ ಚಾ ಕೆಳಗ ಇಳಸ್ರಿ.”

ಇಳಿಸಿದೆ. ಎಲ್ಲಿತ್ತೋ ಏನೋ, ಆ ಮಳೆಗಾಲದಿಂದ ತಡೆದದ್ದೆಲ್ಲ ಬಂತು. ಅವ್ವಾ ಎಂದು ಬಾಯಿಬಿಟ್ಟು ಅತ್ತೆ. ನನಗೆ ಅವ್ವ ಬೇಕಾಗಿದ್ದಳು, ಬೇರೇನೂ ಅಲ್ಲ. ಇಷ್ಟು ಸಣ್ಣ ಮಾತನ್ನು ಹೇಳಲು ಅಷ್ಟು ತಿಂಗಳು ಬೇಕಾದವು. ನಡುನಡುವೆ, ನಿಮ್ಮ ಹೊತ್ತು ಹಾಳುಮಾಡಿದೆ ಎಂದು ಕ್ಷಮೆ ಕೇಳುವುದನ್ನೂ ಬಿಡಲಿಲ್ಲ. ಅವರು ನನ್ನ ಬೆನ್ನು ಸವರಲಿಲ್ಲ, ಅಳಬೇಡಿ ಎನ್ನಲಿಲ್ಲ, ಡಬ್ಬಿಯನ್ನು ಮಾತ್ರ ನನ್ನ ಕಡೆ ಸರಿಸಿ ಕೂತಿದ್ದರು.

ಹೊರಗೆ ಬಂದಾಗ ನನ್ನ ಮುಖ ನೋಡಿ ಗಂಡ ಧಡಕ್ಕನೆ ಎದ್ದರು. ಗಟ್ಟಿಯಿದ್ದವಳನ್ನು ಕರೆದುಕೊಂಡು ಬಂದರೆ ಅಳಿಸಿ ಕಳಿಸಿದ್ದಾರೆ, ಇದೆಂಥ ಟ್ರೀಟ್‌ಮೆಂಟು ಎಂದು ಒಳಗೆ ಹೋಗಿ ವಿಚಾರಿಸುವುದರಲ್ಲಿದ್ದರು. ರಟ್ಟೆ ಹಿಡಿದು ಎಳೆದುಕೊಂಡು ಬಂದು ಬಸ್ಸಿನಲ್ಲಿ ಕೂರಿಸಿದೆ. ಘಟಪ್ರಭೆಯ ಸೇತುವೆ ದಾಟಿದರೂ ನನ್ನ ಅಳು ನಿಂತಿರಲಿಲ್ಲ. ಅವರು ಕಿಟಕಿಯ ಕಡೆ ಮುಖ ಮಾಡಿದರು.

“ಟಿ.ವಿ. ದನಿ ಸಣ್ಣ ಮಾಡು ಅಂತ ಬೈಯಾಕ ಮನ್ಯಾಗ ಯಾರೂ ಇಲ್ಲ ನೋಡು,” ಎಂದರು. “ಅತ್ತಿ ಹೋದಮ್ಯಾಲ ನಾ ಅದನ್ನ ಹಚ್ಚೇ ಇಲ್ಲ.”

ತಿರುಗಿ ನೋಡಿದರೆ ಅವರ ಕಣ್ಣೂ ತುಂಬಿತ್ತು. ನಾನು ಗಟ್ಟಿಯಾಗಿ ಕೂತಿದ್ದೆನೆಂದು ಪಾಪ, ಈ ಮನುಷ್ಯನೂ ಅಳದೆ ತಡೆದುಕೊಂಡಿದ್ದರು. ನನ್ನ ಕೈ ತಾನಾಗಿಯೇ ಅವರ ಬೆನ್ನಿನತ್ತ ಹೋಯಿತು, ಸಮಾಧಾನ ಮಾಡಿಕೊಳ್ಳಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಕಣ್ಣೊರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ತೆಗೆದರು. ಇಬ್ಬರ ನಡುವೆ ಇದ್ದದ್ದು ಅದೊಂದೇ. ಊಟವಿರಲಿ, ದುಃಖವಿರಲಿ, ಎಲ್ಲರದೂ ಆದ ಮೇಲೆ ನನ್ನದು ಎಂದುಕೊಂಡೇ ಸಂಸಾರ ಮಾಡಿದವಳು ನಾನು. ಆ ಕರವಸ್ತ್ರವನ್ನು ಅವರ ಕೈಯಿಂದ ಕಸಿದುಕೊಂಡು ಮೊದಲು ನನ್ನ ಮೂಗು ಒರೆಸಿಕೊಂಡೆ.