ಹಳೇ ಅಚ್ಚು, ಹೊಸ ಡಬ್ಬ

ಹಯವದನನಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು: ಹಳೇ ಅಚ್ಚನ್ನು ಹೊಸ ಡಬ್ಬದಲ್ಲಿಟ್ಟು ಮಾರುತ್ತಾರೆ.

ಇದು ರಾಜಕೀಯದ ಮಾತಲ್ಲ. (ರಾಜಕೀಯವೆಂದೇ ತಿಳಿದು ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬರು ಬಹಳ ಹೊತ್ತು ತಲೆಯಾಡಿಸಿದ್ದರು. ವಿಷಯ ಪ್ಲಾಸ್ಟಿಕ್ ಕಾರು ಎಂದು ಗೊತ್ತಾದ ಮೇಲೆ ಕಾಫಿಯನ್ನೂ ಅಲ್ಲೇ ಬಿಟ್ಟು ಎದ್ದು ಹೋದರು.) ಹಯವದನ ಹಗಲೆಲ್ಲ ತುಂಬ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರು, ಸಂಜೆ ತಿರುವನಂತಪುರದ ತನ್ನ ಫ್ಲಾಟಿನಲ್ಲಿ ಹಾಟ್ ರಾಡ್ ನಿರ್ಮಾಪಕ. ಹಾಟ್ ರಾಡ್ ಎಂದರೆ ಅಮೆರಿಕದ ಪುಂಡ ಗಾಡಿ: ಅಜ್ಜನ ಕಾಲದ ಕಾರಿನ ಬಾನೆಟ್ ಕಿತ್ತೊಗೆದು, ದೈತ್ಯ ಎಂಜಿನ್ ಕೂರಿಸಿ, ಹಿಂದಕ್ಕೆ ದಪ್ಪ ಚಕ್ರ ಹಾಕಿ, ಮೈತುಂಬ ಬೆಂಕಿಯ ಜ್ವಾಲೆ ಬರೆಸಿಕೊಂಡದ್ದು. ಅದರ ಅಂಗೈಯಗಲದ ಮಾದರಿ ಬಿಡಿ ಭಾಗಗಳಾಗಿ ಡಬ್ಬದಲ್ಲಿ ಬರುತ್ತದೆ. ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿ ನಿಲ್ಲಿಸುವುದು ನಮ್ಮ ಕೆಲಸ. ಈ ಕೆಲಸಕ್ಕೆ ಮನೆಯಲ್ಲಿ ಸಿಕ್ಕಿದ್ದು ಊಟದ ಮೇಜು. ಹೀಗೆ ತುಂಬದಲ್ಲಿ ನೌಕರಿ ಮಾಡುತ್ತ ಅವನು ಮೇಜನ್ನು ತುಂಬಿಬಿಟ್ಟಿದ್ದ. ಹೆಂಡತಿ ನಿರ್ಮಲ ಮತ್ತು ಮಗಳು ಮಹತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಉಣ್ಣುತ್ತಿದ್ದರು.

ಕಿಟ್‌ಗಳಲ್ಲಿ ಎರಡು ಜಾತಿ. ಅರ್ಧ ಶತಮಾನದ ಹಿಂದೆ ಕೊರೆದ ಉಕ್ಕಿನ ಅಚ್ಚಿನಲ್ಲೇ ಮತ್ತೆ ಪ್ಲಾಸ್ಟಿಕ್ ಎರೆದು, ಹೊಳೆಯುವ ಡಬ್ಬದಲ್ಲಿ ತುಂಬಿದ್ದು ಒಂದು. ಈಗಿನ ಕಾಲದ ಅಳತೆ ಹಿಡಿದು ಅಚ್ಚನ್ನೇ ಹೊಸದಾಗಿ ಕೊರೆಸಿದ್ದು ಇನ್ನೊಂದು. ಹೊಸ ಅಚ್ಚು ಹಯವದನನಿಗೆ ಅಚ್ಚುಮೆಚ್ಚು. ಹಳೇ ಅಚ್ಚಿನ ಹೆಸರೆತ್ತಿದರೆ ಹಳಸಿದ ಸಾರನ್ನು ಮೂಸಿದವನಂತೆ ಮುಖ ಮಾಡುತ್ತಿದ್ದ. ಕೊಚ್ಚಿಯ ಮಾದರಿ ಕಾರಿನ ಸಂಘದಲ್ಲಿ ಅವನ ಹೆಸರೇ ‘ಹೊಸ ಅಚ್ಚಿನ ಹಯ ಸಾರ್’ ಎಂದಾಗಿತ್ತು. ಆ ಹೆಸರು ಅವನಿಗೆ ಒಳಗೊಳಗೇ ಬಹಳ ಹಿಡಿಸಿತ್ತು.

ಕೊಚ್ಚಿಯ ಎಡಪ್ಪಳ್ಳಿಯ ಮಾಲಿನಲ್ಲಿ ಸಂಘದ ಸ್ಪರ್ಧೆ ಎಂದು ಗೊತ್ತಾದ ದಿನ ನಿರ್ಮಲ ಷರತ್ತು ಹಾಕಿದಳು.

“ಬಹುಮಾನ ಬಂದ್ರೆ ಮೇಜು ನಿಮ್ದು. ಬರ್ಲಿಲ್ಲ ಅಂದ್ರೆ ಅದೇ ಸಂಜೆ ಖಾಲಿ ಮಾಡ್ಬೇಕು. ನನಗೆ ತೊಡೆ ಮೇಲೆ ಹುಳಿ ಚೆಲ್ಲಿಕೊಂಡು ಸಾಕಾಗಿದೆ.”

“ಆಯ್ತು! ಹೊಚ್ಚ ಹೊಸ ಅಚ್ಚಿನ ಕಿಟ್ ತರಿಸ್ತೀನಿ. ಪ್ರಥಮ ಬಹುಮಾನ ನಂದೇ ಅಂತ ಇಟ್ಕೋ,” ಎಂದ ಹಯವದನ. ಕಿಟ್ ಬರುವ ಮೊದಲೇ ಸಂಘಕ್ಕೂ ಕ್ಯಾಂಟೀನಿಗೂ ಅದನ್ನು ಸಾರಿಯೂ ಬಿಟ್ಟ.

ಡಬ್ಬ ಬಂತು. ಮೇಲೆ ‘ಹೊಸದು!’ ಎಂದು ಇಂಗ್ಲಿಷಿನಲ್ಲಿ ಕಿರುಚುವ ಅಕ್ಷರ. ಬಿಚ್ಚಿ ಹರಡಿದ ಭಾಗಗಳಲ್ಲಿ ಒಂದನ್ನು ನಿರ್ಮಲ ಎತ್ತಿಕೊಂಡು, ಅಂಚಿನ ಮೇಲೆ ಉಗುರಾಡಿಸಿದಳು.

“ರೀ, ಇದು ನಮ್ಮತ್ತೆ ಕೊಟ್ಟ ಸಕ್ಕರೆ ಅಚ್ಚಿನ ಥರಾನೇ ಇದೆಯಲ್ರೀ. ಸಂಕ್ರಾಂತಿಗೆ ನಾನು ಆ ಮರದ ಅಚ್ಚಲ್ಲಿ ಪಾಕ ಹೊಯ್ದಾಗ ಸಂದಿಯಿಂದ ಹೊರಗೆ ಬಂದು ಹೀಗೇ ರೆಕ್ಕೆ ಕಟ್ಟತ್ತೆ. ಅಚ್ಚು ಸವೆದು ಹೋಗಿದ್ರೆ ಮಾತ್ರ ಹಾಗಾಗೋದು.”

“ಸಕ್ಕರೆ ಬೇರೆ, ಪಾಲಿಸ್ಟೈರೀನ್ ಬೇರೆ ಕಣೇ!” ಎಂದು ಹಯವದನ ದ್ರವಗಳ ಹರಿವಿನ ಬಗ್ಗೆ ಒಂದು ಘನ ಉಪನ್ಯಾಸ ಕೊಟ್ಟ. ಅವಳು ಒಗ್ಗರಣೆ ಸೀಯುತ್ತಿದೆ ಎಂದು ಒಳಗೆ ಹೋದಳು. ಉಪನ್ಯಾಸ ಮುಗಿಸಿ ಕಾರಿನ ಅಡಿಭಾಗವನ್ನು ತಿರುಗಿಸಿ ನೋಡಿದರೆ, ಅಲ್ಲಿ ಉಬ್ಬಕ್ಷರದಲ್ಲಿ ಒಂದು ಇಸವಿ. ಅವನು ಹುಟ್ಟುವುದಕ್ಕೂ ಹಿಂದಿನದು! ಡಬ್ಬದ ಮೂಲೆಯ ಇರುವೆಗಾತ್ರದ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದ. ಹೊಸದಾಗಿದ್ದದ್ದು ಬರೀ ಜ್ವಾಲೆಯ ಸ್ಟಿಕ್ಕರು.

ಆಗಲೇ ಸಂಘಕ್ಕೆ ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಸ್ಪರ್ಧೆಯಲ್ಲಿ ಹಳೇ ಅಚ್ಚಿಗೂ ಬೇರೆ ಮೇಜಿತ್ತು. ಆದರೆ ‘ಹೊಸ ಅಚ್ಚಿನ ಹಯ ಸಾರ್’ ಹಳೇ ಅಚ್ಚಿನ ಮೇಜಿನ ಮುಂದೆ ನಿಲ್ಲುವುದೆಂದರೇನು? ಭಾನುವಾರ ಮಧ್ಯಾಹ್ನ ಅವನು ಮರಳುಕಾಗದ ತೆಗೆದುಕೊಂಡು ಆ ಇಸವಿಯನ್ನು ಗಸಗಸ ಉಜ್ಜಲು ಕೂತ. ನೀರು ಕುಡಿಯಲು ಬಂದ ಮಹತಿ ಭುಜದ ಮೇಲಿಂದ ಬಗ್ಗಿ ನೋಡಿ, ತಿರುವನಂತಪುರದಲ್ಲೇ ಬೆಳೆದ ಮಕ್ಕಳ ರೂಢಿಯಂತೆ ಮಲಯಾಳದಲ್ಲಿ ಅಂದಳು: “ಅಪ್ಪಾ, ಇದ್ ಮೋಶಮಾಣ್.”

ಮಲಯಾಳದ ಮೋಶ ಎಂದರೆ ಕೆಟ್ಟದ್ದು. ಕನ್ನಡದ ಮೋಸ ಎಂದರೆ ಮೋಸವೇ. ಯಾವ ಭಾಷೆಯಲ್ಲಿ ಅರ್ಥ ಮಾಡಿಕೊಂಡರೂ ಜಾರಿಕೊಳ್ಳಲು ದಾರಿ ಇರಲಿಲ್ಲ. ಹಯವದನನಿಗೆ ಕಿವಿ ಬಿಸಿಯಾಯಿತು. ಆದರೂ ಉಜ್ಜಿ ಮುಗಿಸಿ, ಮೇಲೆ ಕಪ್ಪು ಬಣ್ಣ ಬಳಿದ.

ಇನ್ನು, ಭಾಷೆಯ ವಿಚಾರ ಹೇಳಲೇಬೇಕು. ಇಷ್ಟು ವರ್ಷ ಕೇರಳದಲ್ಲಿದ್ದರೂ ಹಯವದನನ ಮಲಯಾಳ ಆಟೋ ಹತ್ತಿ ಇಳಿಯುವುದಕ್ಕೆ, ಎಳನೀರು ಕೇಳುವುದಕ್ಕೆ ಸಾಕಾಗುವಷ್ಟು ಮಾತ್ರ. ಕಲಿಯುವ ಅಗತ್ಯವೂ ಅವನಿಗೆ ಕಂಡಿರಲಿಲ್ಲ. ಆಫೀಸಿಗೆ ಇಂಗ್ಲಿಷು, ಮನೆಗೆ ಕನ್ನಡ. ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿ ಕನ್ನಡವೆಂದರೆ ಬೀದಿಯಲ್ಲೂ ಜೊತೆಗೆ ಬರುವ ಒಂದು ಕೋಣೆ. ಒಳಗೆ ಕೂತು ಯಾರ ಬಗ್ಗೆ ಏನು ಬೇಕಾದರೂ ಅನ್ನಬಹುದು! ಸೀರೆ ಅಂಗಡಿಯವನ ಎದುರಿಗೇ “ಸುಳ್ಳು ಹೇಳ್ತಿದಾನೆ, ಎದ್ದು ಬಾ” ಎನ್ನಬಹುದು. ಒಮ್ಮೆ ಮಾತ್ರ ಲಿಫ್ಟಿನಲ್ಲಿ “ಆ ಮೀಸೆ ನೋಡೇ, ಪೊರಕೆ ಇದ್ದಂಗಿದೆ” ಎಂದಾಗ ಎದುರಿನ ಫ್ಲಾಟಿನವರ ಕೈ ಮೆಲ್ಲಗೆ ಅವರ ಮೀಸೆಗೆ ಹೋಗಿತ್ತು. ಮೀಸೆಗೆ ಮಲಯಾಳದಲ್ಲೂ ‘ಮೀಶ’ ಎನ್ನುತ್ತಾರೆ ಎಂದು ನಿರ್ಮಲ ಆಮೇಲೆ ಸಿಟ್ಟಿನಲ್ಲಿ ತಿಳಿಸಿದಳು. “ತಲೆ, ಕಳ್ಳ, ಮೂರ್ಖ ಇವೂ ಬೇಡ. ಎಲ್ಲಾ ಅರ್ಥ ಆಗತ್ತೆ ಅವರಿಗೆ. ಒಟ್ನಲ್ಲಿ ಬಾಯಿ ಮುಚ್ಕೊಂಡಿದ್ರೇ ವಾಸಿ,” ಎಂದಿದ್ದಳು. ಹಯವದನ ಆ ಶಬ್ದಗಳನ್ನು ಬಿಟ್ಟನೇ ಹೊರತು ಬಾಯನ್ನು ಮುಚ್ಚಲಿಲ್ಲ.

ಸ್ಪರ್ಧೆಯ ದಿನ ಎರ್ನಾಕುಲಂವರೆಗೆ ರೈಲು, ಅಲ್ಲಿಂದ ಎಡಪ್ಪಳ್ಳಿಗೆ ಮೆಟ್ರೋ. ದಾರಿಯುದ್ದಕ್ಕೂ ನಿರ್ಮಲ ಕಾರಿನ ಡಬ್ಬವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. (ಅವಳ ತೊಡೆಗೆ ಮನೆಯ ಹೊರಗೂ ಆ ಮೇಜಿನಿಂದ ಬಿಡುಗಡೆ ಇರಲಿಲ್ಲ.) ಮಾಲಿನ ಮೂರನೇ ಮಹಡಿಯಲ್ಲಿ ಎರಡು ಉದ್ದನೆಯ ಮೇಜು, ಒಂದು ಹೊಸ ಅಚ್ಚಿಗೆ, ಒಂದು ಹಳೇ ಅಚ್ಚಿಗೆ. ನಡುವೆ ಒಂದು ಪುಟ್ಟ ಮೇಜಿನ ಮೇಲೆ ಗುಲಾಬಿ ಬಣ್ಣದ ಒಂದು ಹಾಟ್ ರಾಡ್. ಅದರ ಹಿಂದೆ ತಲೆಗೆ ವಸ್ತ್ರ ಹೊದ್ದ, ಕನ್ನಡಕವನ್ನು ದಾರದಲ್ಲಿ ಇಳಿಬಿಟ್ಟುಕೊಂಡ ನಡುವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು.

“ಪುದಿಯ ಅಚ್ಚಾಣೋ ಸಾರ್?” ಎಂದು ಅವರು ಕೇಳಿದರು.

“ಯೆಸ್, ಯೆಸ್. ಕಂಪ್ಲೀಟ್ಲಿ ನ್ಯೂ,” ಎಂದ ಹಯವದನ ಕಾರನ್ನು ಹೊಸ ಅಚ್ಚಿನ ಮೇಜಿನ ಮಧ್ಯಕ್ಕೇ ಇಟ್ಟ. ಆಮೇಲೆ ಹೆಂಡತಿಯ ಕಡೆ ತಿರುಗಿ ತನ್ನ ಕನ್ನಡದ ಕೋಣೆಯೊಳಕ್ಕೆ ಆರಾಮವಾಗಿ ಕಾಲಿಟ್ಟ.

“ಆ ಗುಲಾಬಿ ನೋಡೇ! ಹಾಟ್ ರಾಡ್‌ಗೆ ಗುಲಾಬಿ! ಹುಟ್ಟುಹಬ್ಬದ ಕೇಕ್ ಇದ್ದಂಗಿದೆ. ಅದೂ ಹಳೇ ಅಚ್ಚು ಬೇರೆ. ಎಷ್ಟು ಪುಟ್ಟಿ ಮೆತ್ತಿದ್ರೂ ನನ್ನ ಕಣ್ಣಿಗೆ ಗೊತ್ತಾಗದೆ ಇರತ್ತಾ?”

“ಮೆಲ್ಲಗೆ ಮಾತಾಡಿ. ಅವರಿಗೆ ಕೇಳ್ಸತ್ತೆ.”

“ಕೇಳ್ಸಲಿ ಬಿಡು, ಅರ್ಥ ಆಗ್ಬೇಕಲ್ಲ! ಈಯಮ್ಮ ಮಾಡಿರೋದೂ ಅಲ್ಲ ಅದು. ಯಾರೋ ಅಳಿಯನೋ ಮೈದುನನೋ ಮಾಡಿ, ಕಾಯೋಕೆ ಇವರನ್ನ ಕೂರಿಸಿ ಬಿರಿಯಾನಿ ತಿನ್ನಕ್ಕೆ ಹೋಗಿರ್ತಾರೆ.”

ನಿರ್ಮಲಳಿಗೆ ರೇಗಿತು. “ಅಲ್ರೀ, ನಿಮ್ದೂ ಹಳೇ ಅಚ್ಚೇ ಅಲ್ವಾ? ಮಹತಿ ಎಲ್ಲಾ ಹೇಳಿದಾಳೆ ನನಗೆ.”

“ಶ್!” ಎಂದವನು ಸುತ್ತ ನೋಡಿ ನಕ್ಕುಬಿಟ್ಟ. “ಥೂ, ಶ್ ಯಾಕೆ? ಇಲ್ಲಿ ಯಾರಿಗೆ ತಿಳಿಯತ್ತೆ? ಹೌದು ಕಣೇ, ಹಳೇದೇ! ಇಸವಿ ಉಜ್ಜಿ ತೆಗೆದು ಕಪ್ಪು ಬಳಿದಿದೀನಿ. ಈಯಮ್ಮನ ಅಪ್ಪ ಬಂದ್ರೂ ಕಂಡುಹಿಡಿಯೋಕಾಗಲ್ಲ!”

ಕನ್ನಡಕದ ಹೆಂಗಸು ತೆಳುವಾದ ಮುಗುಳ್ನಗೆಯಲ್ಲಿ ಇಬ್ಬರನ್ನೂ ನೋಡುತ್ತ ಕೂತಿದ್ದರು. ಹಯವದನನೂ ಸೌಜನ್ಯಕ್ಕೆ ಹಲ್ಲು ಕಿರಿದ.

ಅಷ್ಟರಲ್ಲಿ ಮೈಕು ಕರೆಯಿತು. ಈ ಸಲದ ತೀರ್ಪುಗಾರರು ಜುಬೈದಾ ಟೀಚರ್, ಸಂಘಕ್ಕೆ ಸೇರದಿದ್ದರೂ ಹಲವು ವರ್ಷಗಳಿಂದ ಮಾದರಿ ಕಾರುಗಳನ್ನು ಕಟ್ಟುತ್ತಿರುವವರು. ಗುಲಾಬಿ ಕಾರು ಅವರದೇ, ಪ್ರದರ್ಶನಕ್ಕೆ ಮಾತ್ರ. ಚಪ್ಪಾಳೆ ಬಿತ್ತು. ದಾರದ ಕನ್ನಡಕವನ್ನು ಮೂಗಿಗೇರಿಸಿಕೊಂಡು ಎದ್ದು ನಿಂತವರು ಆ ಹೆಂಗಸೇ!

‘ಹೋಗಲಿ, ಕನ್ನಡ ಗೊತ್ತಿಲ್ಲವಲ್ಲ,’ ಎಂದು ಹಯವದನ ಎದೆಯ ಮೇಲೆ ಕೈಯಿಟ್ಟುಕೊಂಡ. ಜುಬೈದಾ ಟೀಚರ್ ನೆಟ್ಟಗೆ ಅವನ ಕಾರಿನ ಹತ್ತಿರವೇ ಬಂದರು.

“ಮೈಸೂರು ಕಡೆಯವರಾ ನೀವು? ನಾನು ಕಾಸರಗೋಡಿನವಳು. ಹೈಸ್ಕೂಲಿನವರೆಗೂ ಕನ್ನಡ ಮೀಡಿಯಮ್ಮೇ. ಮದುವೆಯಾಗಿ ಈ ಕೊಚ್ಚಿಗೆ ಬಂದ ಮೇಲೆ ಕನ್ನಡ ಕಿವಿಗೆ ಬೀಳುವುದೇ ಕಡಿಮೆ ಆಯ್ತು ಮಾರಾಯ್ರೆ. ಹಾಗೆ ನಿಮ್ಮ ಮಾತಿಗೆ ಅಡ್ಡ ಬಾಯಿ ಹಾಕಲಿಲ್ಲ. ಖುಷಿಯಲ್ಲಿ ಕೇಳ್ತಾ ಕೂತೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಹಯವದನನಿಗೆ. ಆದರೆ ಅದು ಮೂರನೇ ಮಹಡಿ. ಬಾಯಿ ಬಿಟ್ಟಿದ್ದರೂ ಎರಡನೇ ಮಹಡಿಯ ಐಸ್‌ಕ್ರೀಮ್ ಅಂಗಡಿಗೆ ಬೀಳುತ್ತಿದ್ದ. ನಿರ್ಮಲ ಅವನಿಂದ ಒಂದು ಹೆಜ್ಜೆ ದೂರ ಸರಿದು, ಈ ಮನುಷ್ಯ ಯಾರೋ ತನಗೆ ಗೊತ್ತಿಲ್ಲ ಎಂಬಂತೆ ನಿಂತಳು.

ಟೀಚರ್ ಕಾರನ್ನು ಮೆಲ್ಲಗೆ ಮಗುಚಿದರು. “ಕಪ್ಪು ಚೆಂದ ಕೂತಿದೆ. ನೀವು ಹೇಳಿದ್ದು ಸರಿ. ನಮ್ಮ ಅಪ್ಪ ಬಂದಿದ್ರೆ ಅವರಿಗೆ ಗೊತ್ತಾಗ್ತಿರಲಿಲ್ಲ ಪಾಪ. ಅವರದ್ದು ಕೊಡೆ ರಿಪೇರಿ ಅಂಗಡಿ.”

“ಮೇಡಂ... ಕ್ಷಮಿಸಿ... ನಾನು...” ಹಯವದನನಿಗೆ ಕನ್ನಡವೂ ಬಾರದಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಇಡೀ ಸಭೆಯ ಎದುರು, ಯಾರಿಗೂ ಅರ್ಥವಾಗದ ಅದೇ ಕನ್ನಡದಲ್ಲಿ ತಗ್ಗಿದ ದನಿಯಲ್ಲಿ ಕೇಳಿದರು: “ಇದು ಈ ಮೇಜಿನಲ್ಲೇ ಇರ್ಲಾ ಸಾರ್, ಆ ಮೇಜಿಗೆ ಹೋಗ್ಲಾ? ನೀವು ಹೇಳಿದ ಹಾಗೆ ಮಾಡುವಾ.”

ಮರ್ಯಾದೆ ಉಳಿಸಿಕೊಳ್ಳುವ ದಾರಿಯನ್ನು, ತಾನು ಆಡಿಕೊಂಡ ಹೆಂಗಸೇ ತನಗೆ ತೆರೆದುಕೊಡುತ್ತಿದ್ದಾರೆ ಎಂದು ತಿಳಿದಾಗ ಅವನಿಗೆ ನಿಜವಾದ ನಾಚಿಕೆಯಾಯಿತು. ಅಲ್ಲಿಯವರೆಗೆ ಆಗಿದ್ದದ್ದು ಬರೀ ಭಯ. ಅವನು ಕಾರನ್ನು ಎತ್ತಿಕೊಂಡು, ಸಂಘದವರೆಲ್ಲ ನೋಡುತ್ತಿದ್ದಂತೆ, ಆಚೆ ಮೇಜಿನ ತುದಿಯಲ್ಲಿಟ್ಟ. “ಎಂತು ಪಟ್ಟಿ ಹಯ ಸಾರ್?” ಎಂದು ಯಾರೋ ಏನಾಯಿತೆಂದು ವಿಚಾರಿಸಿದರು. “ಹಳೇ ಅಚ್ಚು,” ಎಂದ ಅವನು ಕನ್ನಡದಲ್ಲೇ. ದುರದೃಷ್ಟವಶಾತ್ ಅದು ಎಲ್ಲರಿಗೂ ಅರ್ಥವಾಯಿತು. ಅಚ್ಚು ಮಲಯಾಳದಲ್ಲೂ ಅಚ್ಚೇ.

ಬಹುಮಾನ ಬರಲಿಲ್ಲ. ಹೊರಡುವಾಗ ಟೀಚರ್ ಹತ್ತಿರ ಬಂದು, “ಬಣ್ಣದ ಕೆಲಸ ನಿಮ್ಮದೇ ಎಲ್ಲಕ್ಕಿಂತ ಲಾಯ್ಕ ಇತ್ತು. ಆದ್ರೆ ಹಳೇ ಅಚ್ಚಿನ ಮೇಜಲ್ಲಿ ನಾವು ಮೊದ್ಲು ನೋಡುವುದೇ ಆ ಇಸವಿ ಮಾರಾಯ್ರೆ. ಅದೊಂದು ಉಜ್ಜದಿದ್ರೆ ಪ್ರಥಮ ನಿಮಗೇ ಕೊಡ್ತಿದ್ದೆ,” ಎಂದರು. ಆಮೇಲೆ ನಿರ್ಮಲಳ ಕಡೆ ತಿರುಗಿ ಫೋನ್ ನಂಬರ್ ಕೇಳಿದರು. ವಾಪಸು ರೈಲಿನಲ್ಲಿ ಡಬ್ಬ ಹಯವದನನ ತೊಡೆಯ ಮೇಲಿತ್ತು. ಎದುರಿನವರು ದೊಡ್ಡದಾಗಿ ಗೊರಕೆ ಹೊಡೆಯುತ್ತಿದ್ದರೂ ಅವನು ಒಂದಕ್ಷರ ಆಡಲಿಲ್ಲ.

ಮೇಜು ಅದೇ ಸಂಜೆ ಖಾಲಿಯಾಯಿತು.

ಸಂಕ್ರಾಂತಿಗೆ ಆ ಮೇಜಿನ ಮೇಲೆ ಎಲೆ ಹಾಕಿದ್ದರು. ಅತಿಥಿ ಜುಬೈದಾ ಟೀಚರ್. ದಿನವೂ ಫೋನಿನಲ್ಲಿ ಕನ್ನಡ ಆಡಿ ಆಡಿ ಅವರೂ ನಿರ್ಮಲಳೂ ಅಕ್ಕತಂಗಿಯರಂತಾಗಿದ್ದರು. ಎಳ್ಳುಬೆಲ್ಲದ ತಟ್ಟೆಯಿಂದ ಸಕ್ಕರೆ ಅಚ್ಚಿನ ಗಿಳಿಯೊಂದನ್ನು ಎತ್ತಿ ಟೀಚರ್ ಅಂಚನ್ನು ಸವರಿ ನೋಡಿದರು. “ರೆಕ್ಕೆ ಬಂದಿದೆ. ಹಳೇ ಅಚ್ಚಲ್ವಾ?” ಎಂದರು. “ನಮ್ಮತ್ತೇದು. ನಾನಂತೂ ಉಜ್ಜಿಲ್ಲಪ್ಪ,” ಎಂದಳು ನಿರ್ಮಲ. ಹಯವದನ ತಲೆ ತಗ್ಗಿಸಿ ಸಾರು ಕಲಸಿದ.

ಮಹತಿ ಬಂದು ಕೂತೊಡನೆ ಮಾತು ಮಲಯಾಳಕ್ಕೆ ಹೊರಳಿತು. ಮೂವರೂ ಅವನ ಎದುರಿಗೇ, ಅವನತ್ತ ಆಗಾಗ ಕಣ್ಣು ಹಾಯಿಸುತ್ತ, ಪಟಪಟನೆ ಏನೇನೋ ಆಡಿದರು, ಬಿದ್ದು ಬಿದ್ದು ನಕ್ಕರು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಹಯವದನನೂ ಸೌಜನ್ಯಕ್ಕೆ ಹಲ್ಲು ಕಿರಿದ. ಅಷ್ಟೂ ಮಾತಿನಲ್ಲಿ ಅವನಿಗೆ ಅರ್ಥವಾದದ್ದು ಒಂದೇ ಶಬ್ದ.

‘ಮೀಶ’.

ಅವನ ಎಡಗೈ ಮೆಲ್ಲಗೆ ಮೇಲೆದ್ದು ಮೀಸೆಗೆ ಹೋಯಿತು.