ಮನಸ್ಸಿನ ಮಾತು ಮೈ ಕೇಳಿದಾಗ

ಕಂಪೌಂಡರ್ ಕೆಲಸ ಮಾಡಿದವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೆಮ್ಮಿಕೊಂಡು, ಕೆರೆದುಕೊಂಡು ಬಾಗಿಲಿಗೆ ಬರುತ್ತವೆ. ಐವತ್ತರ ದಶಕದಲ್ಲಿ ನಾನು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೆ.ಆರ್. ನಗರ ಅಂತ ಒಬ್ಬರೇ ಡಾಕ್ಟರ ಜೊತೆ ಸುತ್ತಿದೆ. ಅದು ಹೇಗೋ ಇಬ್ಬರಿಗೂ ಒಂದೇ ಕಡೆಗೆ ವರ್ಗವಾಗುತ್ತಿತ್ತು. ಅವರು ಆಗಾಗ ಹೇಳುತ್ತಿದ್ದರು: "ರೋಗದ ಜೊತೆ ಹೊಡೆದಾಡೋ ಸೈನ್ಯ ಒಂದು ಮೈಯೊಳಗೇ ಇದೆ ಕಣಯ್ಯ. ನರಗಳು ಅದಕ್ಕೆ ಕಾಗದ ಬರೀತಾನೇ ಇರ್ತವೆ, ಅದೂ ತಿರುಗಿ ಬರೀತದೆ. ಏನು ಬರಕೋತವೆ ಅನ್ನೋದು ಮಾತ್ರ ನಮಗೆ ತಿಳಿಯಲ್ಲ." ರುಜುವಾತು ಕೇಳಿದರೆ ಪುಸ್ತಕ ತೆಗೆಯುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರನ್ನು ತೋರಿಸುತ್ತಿದ್ದರು.

ಎತ್ತಿನ ನರುಲಿ

ಹುಣಸೂರಿನ ಹತ್ತಿರದ ಹಳ್ಳಿಯ ಗೌಡರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಬಲಗೈ ತುಂಬ ನರುಲಿ, ಕಾಳಿನಂಥ ಗಂಟುಗಳು. ಹೆಣ್ಣು ನೋಡಲು ಬಂದವರು ಕೈ ನೋಡಿ, ಕಾಫಿ ಕುಡಿದು, ಎದ್ದು ಹೋಗಿದ್ದರಂತೆ. ಹುಡುಗಿ ಆ ಕೈಯನ್ನು ಸೆರಗಿನಿಂದ ಆಚೆ ತೆಗೆಯಲೇ ಇಲ್ಲ.

ಡಾಕ್ಟರು ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನು ಕಡ್ಡಿಗೆ ಅದ್ದಿ ಒಂದೊಂದು ನರುಲಿಯ ಸುತ್ತಲೂ ಗೀಟು ಎಳೆದರು. "ನೋಡಮ್ಮ, ಇವಕ್ಕೆ ನೋಟೀಸು ಕೊಟ್ಟಿದ್ದೀನಿ. ಬರೋ ಅಮಾವಾಸ್ಯೆ ಹೊತ್ತಿಗೆ ಜಾಗ ಖಾಲಿ ಮಾಡ್ತವೆ" ಎಂದರು.

ನಾನು ಮುಖ ಆ ಕಡೆ ತಿರುಗಿಸಿ ನಕ್ಕೆ. ಆದರೆ ಅಮಾವಾಸ್ಯೆ ಕಳೆದ ಮೇಲೆ ಬಂದ ಹುಡುಗಿ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ನುಣ್ಣಗಿತ್ತು.

ಹದಿನೈದು ದಿನಕ್ಕೆ ಗೌಡರು ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಎತ್ತು, ಅದರ ಕತ್ತಿನ ಮೇಲೆ ನರುಲಿ. "ಇದುಕ್ಕೂ ಒಂದ್ ಗೀಟು ಎಳ್ದ್ಬುಡಿ ಸ್ವಾಮಿ." ಬೇಡವೆಂದರೆ ಕೇಳಲಿಲ್ಲ. ಡಾಕ್ಟರು ಎಳೆದರು. ಎರಡು ಅಮಾವಾಸ್ಯೆ ಹೋದರೂ ಒಂದೂ ಬೀಳಲಿಲ್ಲ.

"ಅದಕ್ಕೆ ಕನ್ನಡ ಬರಲ್ಲ ಗೌಡ್ರೇ. ನಾನು ಹೇಳಿದ್ದು ಅದಕ್ಕೆ ತಿಳೀಲಿಲ್ಲ" ಎಂದರು ಡಾಕ್ಟರು.

ಗೌಡರಿಗೆ ಸಿಟ್ಟು ಬಂತು. "ನಮ್ಮೆತ್ಗೆ ಕನ್ನಡ ಬರಕಿಲ್ವಾ? ಬಾ ಅಂದ್ರೆ ಬತ್ತದೆ, ನಿಲ್ಲು ಅಂದ್ರೆ ನಿಲ್ತದೆ. ನೀವೇ ಗೀಟ್ನ ಇಂಗ್ಲಿಷ್ನಾಗೆ ಎಳ್ದಿದ್ದೀರಿ!"

ಕೂರದ ಗುಮಾಸ್ತರು

ಪಿರಿಯಾಪಟ್ಟಣದಲ್ಲಿ ಒಬ್ಬ ಗುಮಾಸ್ತರಿದ್ದರು. ವರ್ಷವೆಲ್ಲ ಗುಂಡುಕಲ್ಲಿನ ಹಾಗಿರುವ ಮನುಷ್ಯ. ಮೇಲಧಿಕಾರಿ ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ಬಿದ್ದರೆ ಮಾತ್ರ ನಿದ್ದೆ ಬಿಡುತ್ತಿದ್ದರು, ಊಟ ಬಿಡುತ್ತಿದ್ದರು, ಎಂಟನೆಯ ದಿನಕ್ಕೆ ಸರಿಯಾಗಿ ಒಂದು ಕುರು ಏಳುತ್ತಿತ್ತು. ಕಂಕುಳಲ್ಲೋ ಕುತ್ತಿಗೆಯಲ್ಲೋ ಎದ್ದರೆ ಹೇಗೋ ನಡೆದುಹೋಗುತ್ತಿತ್ತು. ಆ ವರ್ಷ ಕೂರುವ ಜಾಗದಲ್ಲೇ ಎದ್ದಿತು.

"ಹೆದರಿಕೆಗೆ ಮೈಯೊಳಗಿನ ಕಾವಲುಗಾರ ತೂಕಡಿಸಿದ್ದಾನೆ. ಅದಕ್ಕೇ ಕುರು ಎದ್ದಿದೆ. ಹೆದರಬೇಡಿ" ಎಂದರು ಡಾಕ್ಟರು.

"ಹೆದರಬೇಡಿ ಅಂತ ನೀವು ಹೇಳ್ತೀರಿ, ಸಾಹೇಬರು ಹೇಳಬೇಕಲ್ಲ!"

ತಪಾಸಣೆಯ ದಿನ ಸಾಹೇಬರು ಮೂರು ಸಲ "ಕೂತ್ಕೊಳ್ಳಿ" ಎಂದರಂತೆ. ಮೂರು ಸಲವೂ ಇವರು ಕೈಮುಗಿದು "ಪರವಾಗಿಲ್ಲ ಸ್ವಾಮಿ" ಎಂದರು. ಹಗಲಿಡೀ ನಿಂತೇ ಕಡತ ತೋರಿಸಿದರು. ಹೊರಡುವಾಗ ಸಾಹೇಬರು ಇಡೀ ಕಚೇರಿಯ ಮುಂದೆ ಇವರ ಭುಜ ತಟ್ಟಿ, "ವಿನಯ ಅಂದರೆ ಇದು. ಎಲ್ಲರೂ ನೋಡಿ ಕಲೀರಿ" ಎಂದರು.

ಮುಂದಿನ ವರ್ಷ ಸಾಹೇಬರು ಬಂದಾಗ ಕಚೇರಿಯಲ್ಲಿ ಜವಾನನವರೆಗೆ ಎಲ್ಲರೂ ನಿಂತಿದ್ದರು. ಕುರು ಕುತ್ತಿಗೆಗೆ ಎದ್ದಿದ್ದ ನಮ್ಮ ಗುಮಾಸ್ತರು ಮಾತ್ರ ಆರಾಮವಾಗಿ ಕೂತಿದ್ದರು.

ಗೇರು ಮರ

ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಕರಿಗೇರು ಅಂತ ಒಂದು ಮರ ಉಂಟು. ಅದರ ಸೊನೆ ತಾಗಿದರೆ ಕೆಲವರ ಮೈ ದದ್ದು ಬಂದು ಊದಿಕೊಳ್ಳುತ್ತದೆ. ಹೊಸದಾಗಿ ಬಂದ ಸರ್ವೆಯವರೊಬ್ಬರಿಗೆ ಒಂದು ಸಲ ಅದು ತಾಗಿ, ವಾರ ಮಲಗುವಂತಾಗಿತ್ತು. ಆಮೇಲೆ ಎಲ್ಲ ಮರವನ್ನೂ ಅನುಮಾನದಿಂದಲೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಮರದ ಬುಡದಲ್ಲಿ ಬುತ್ತಿ ಬಿಚ್ಚಿದ್ದಾರೆ. ಜೊತೆಯಲ್ಲಿದ್ದ ಕಾಡಿನ ಕಾವಲುಗಾರ ತಮಾಷೆಗೆ, "ಸ್ವಾಮಿ, ಗೇರ್ ಮರ್ದಡೀಲೇ ಕುಂತಿದೀರಲ್ಲ" ಎಂದ. ಗಾಡಿಯಲ್ಲಿ ನಮ್ಮ ಹತ್ತಿರ ತರುವ ಹೊತ್ತಿಗೆ ಮುಖ, ಕೈಯೆಲ್ಲ ಕೆಂಪು ದದ್ದು, ಒಂದು ಕಣ್ಣು ಮುಚ್ಚಿತ್ತು. ಕಾವಲುಗಾರ ಅಳುಮೋರೆ ಮಾಡಿಕೊಂಡು ಡಾಕ್ಟರ ಕೈಗೆ ಆ ಮರದ ಒಂದು ಹಿಡಿ ಸೊಪ್ಪು ಕೊಟ್ಟ. ಅದು ಹೊಂಗೆ ಸೊಪ್ಪು.

"ಹೊಂಗೆ ಕಣ್ರೀ ಇದು. ಏನೂ ಮಾಡಲ್ಲ" ಎಂದು ಡಾಕ್ಟರು ಅದನ್ನು ತಮ್ಮ ಕೆನ್ನೆಗೇ ಉಜ್ಜಿಕೊಂಡರು. ಸರ್ವೆಯವರು ಇನ್ನೊಂದು ಕಣ್ಣಿನಲ್ಲಿ ಅದನ್ನೇ ನೋಡಿದರು. ಸಂಜೆಯ ಹೊತ್ತಿಗೆ ದದ್ದು ಇಳಿಯಿತು. ಹೊರಡುವಾಗ ನಮ್ಮ ಕಾಂಪೌಂಡಿನ ಮರ ನೋಡಿ, "ಇದು ಯಾವ ಮರ?" ಎಂದರು.

ಕಾವಲುಗಾರ ಬಾಯಿ ತೆರೆದ. ಡಾಕ್ಟರು ಅವನ ಬಾಯಿಗೆ ಕೈ ಅಡ್ಡ ಇಟ್ಟು, "ಬೇವು! ಬೇವು!" ಎಂದು ಕೂಗಿದರು.

ಮೇಷ್ಟ್ರ ಜ್ವರ

ಕೆ.ಆರ್. ನಗರದಲ್ಲಿದ್ದಾಗ ಒಂದು ಬೇಸಿಗೆ ಟೈಫಾಯಿಡ್ ಹರಡಿತು. ಎರಡು ಕೇರಿಗಳಲ್ಲಿ ಮನೆಗೊಬ್ಬರು ಮಲಗಿದ್ದರು. ಚುಚ್ಚುಮದ್ದು ಬಂದಿತ್ತು, ಹಾಕಿಸಿಕೊಳ್ಳುವವರಿಲ್ಲ. ಡಾಕ್ಟರು ನಿದ್ದೆಗೆಟ್ಟು ಮನೆಮನೆ ತಿರುಗಿದರೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕೊನೆಗೆ ಮಿಡಲ್ ಸ್ಕೂಲಿನ ಹೆಡ್‌ಮೇಷ್ಟ್ರು ಮುಂದೆ ಬಂದರು. ಅವರ ಕೆಮ್ಮು ಕೇಳಿದರೆ ಬೀದಿಯ ನಾಯಿಯೂ ಬಾಲ ಮಡಚುತ್ತಿತ್ತು. ಎಲ್ಲರೆದುರು ತೋಳು ಚಾಚಿ, ಹುಬ್ಬು ಕೂಡ ಅಲುಗಿಸದೆ ಚುಚ್ಚಿಸಿಕೊಂಡು ಹೋದರು.

ಸಂಜೆ ಅವರ ಹೆಂಡತಿ ಓಡಿಬಂದರು. ಮುಖ ಬೆಳ್ಳಗಾಗಿತ್ತು. "ಡಾಕ್ಟ್ರೇ, ಬೇಗ ಬನ್ನಿ. ಅವರಿಗೆ ಏನೋ ಆಗೋಗಿದೆ!"

"ಜ್ವರವಾ?"

"ಜ್ವರ ಇದೆ, ಅದಲ್ಲ. 'ನಿನ್ನ ಊಟ ಆಯ್ತಾ' ಅಂತ ಕೇಳಿದ್ರು! ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ."

ಹೋಗಿ ನೋಡಿದೆವು. ಮೇಷ್ಟ್ರು ಕಂಬಳಿ ಹೊದ್ದು, ಯಾವಾಗಲೋ ಬೆತ್ತದಲ್ಲಿ ಹೊಡೆದ ಹುಡುಗನನ್ನು ನೆನೆದು ಕಣ್ಣೀರು ಹಾಕುತ್ತಿದ್ದರು. ಡಾಕ್ಟರು ಆಕೆಗೆ ಸಮಾಧಾನ ಹೇಳಿದರು: "ಮದ್ದು ಹೋಗಿ ಒಳಗಿನ ಸೈನ್ಯವನ್ನ ಎಬ್ಬಿಸಿದೆ ಅಮ್ಮ. ಸೈನ್ಯ ತಲೆಗೆ ಸುದ್ದಿ ಕಳಿಸಿದೆ, 'ಹಾರಾಡಬೇಡ, ತೆಪ್ಪಗೆ ಮಲಗು' ಅಂತ. ಅದಕ್ಕೇ ಮನಸ್ಸು ಮೆತ್ತಗಾಗಿದೆ. ನಾಳಿದ್ದಿಗೆ ಮೊದಲಿನ ಹಾಗೇ ಆಗ್ತಾರೆ."

"ಆಗಲೇಬೇಕಾ?" ಎಂದರು ಆಕೆ.

ಮೂರನೆಯ ದಿನ ಮೇಷ್ಟ್ರು ಗುಡುಗಿದ್ದು ನಮ್ಮ ಬಾಗಿಲಿಗೇ ಕೇಳಿಸಿತು. ಆದರೆ ಅಷ್ಟರಲ್ಲಿ ಸುದ್ದಿ ಬಾವಿಕಟ್ಟೆಗೆ ಹೋಗಿಯಾಗಿತ್ತು. ಮರುದಿನ ಬಾಗಿಲು ತೆಗೆದರೆ ಬೀದಿಯ ತುದಿಯವರೆಗೆ ಹೆಂಗಸರ ಸಾಲು, ಒಬ್ಬೊಬ್ಬರ ಕೈಯಲ್ಲೂ ಒಬ್ಬೊಬ್ಬ ಗಂಡ. "ಮೇಷ್ಟ್ರಿಗ್ ಆಕಿದ್ರಲ್ಲ, ಅದೇ ಸೂಜಿ ಆಕಿ. ಒಂಚೂರು ಜಾಸ್ತೀನೇ ಆಕಿ." ಗಂಡಸರ ಬೆನ್ನಿಗೆ ಹೆಂಗಸರೂ ಮಕ್ಕಳೂ ಹಾಕಿಸಿಕೊಂಡರು. ಡಾಕ್ಟರು ಅಷ್ಟು ದಿನದ ಮೇಲೆ ಅವತ್ತು ನಕ್ಕರು.

ಸಾಲಿನ ಕೊನೆಗೆ ಒಬ್ಬಳು ಸೊಸೆ ಉಳಿದಿದ್ದಳು. ಅವಳ ಜೊತೆ ಯಾರೂ ಇಲ್ಲ. ಅತ್ತ ಇತ್ತ ನೋಡಿ, ಸೆರಗಿನ ಮರೆಯಿಂದ ಒಂದು ಖಾಲಿ ಸೀಸೆ ತೆಗೆದು ನನ್ನ ಮುಂದಿಟ್ಟಳು.

"ಅತ್ತೆಮ್ಮ ಸೂಜಿ ಅಂದ್ರೆ ಎದರ್ಕತ್ತಾರೆ ಸ್ವಾಮಿ. ಇದುಕ್ಕೇ ಉಯ್ದ್ಕೊಡಿ, ಸಾರ್ನಾಗೆ ಬೆರೆಸ್ಬುಡ್ತೀನಿ."