ವಾಷಿಂಗ್ ಮಷೀನಿನಲ್ಲಿ ವೀಳ್ಯದೆಲೆ

ಹೆಂಡತಿಯ ಮನಸ್ಸು ಗೆಲ್ಲಲು ವಿಜ್ಞಾನವೊಂದೇ ಸಾಕು ಎಂದು ನಾನು ದೃಢವಾಗಿ ನಂಬಿದ್ದೆ. ಸಿಂಗಾಪುರದ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ಹಂದಿಯ ಹೃದಯವನ್ನು ಸೋಪಿನಂಥ ದ್ರಾವಣದಲ್ಲಿ ದಿನಗಟ್ಟಲೆ ತೊಳೆದು, ಜೀವಕೋಶಗಳನ್ನೆಲ್ಲ ತೆಗೆದು, ಬೆಳ್ಳನೆಯ ಹಂದರವನ್ನು ಮಾತ್ರ ಉಳಿಸುತ್ತಾರೆ. ಆ ಹಂದರದಲ್ಲಿ ಮನುಷ್ಯರ ಜೀವಕೋಶ ಬೆಳೆಸಿ ಮುಂದೊಂದು ದಿನ ರೋಗಿಗಳಿಗೆ ಕೊಡಬೇಕೆಂಬುದು ಅವರ ಕನಸು. ಪಕ್ಕದ ಕೋಣೆಯಲ್ಲಿ, ಜೀವಕೋಶ ಬೆರೆಸಿದ ಅಂಟನ್ನು ಶಾವಿಗೆಯ ಹಾಗೆ ಎಳೆ ಎಳೆಯಾಗಿ ಹಿಂಡಿ ಚರ್ಮ ಮುದ್ರಿಸುವ ಯಂತ್ರವಿದೆ. ನಾನು ಆ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವವನು. ಹೃದಯವನ್ನು ಮುಟ್ಟಿದವನೇ ಅಲ್ಲ. ಆದರೂ ಮೈಸೂರಿಗೆ ಫೋನ್ ಮಾಡಿದಾಗ, "ಇವತ್ತು ಹಾರ್ಟ್ ಕೆಲ್ಸ ಜಾಸ್ತಿ ಇತ್ತು" ಎನ್ನುತ್ತಿದ್ದೆ!

ಮೈಸೂರಿನಲ್ಲಿ ನನ್ನ ಹೆಂಡತಿ ವಸುಧಾ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳಿಗೆ ಆ ಕೆಲಸವೆಂದರೆ ಪ್ರಾಣ. "ಬಿಟ್ಟು ಬಾ" ಎನ್ನಲು ನನಗೆ ಸಂಕೋಚ. ಅಲ್ಲಿದ್ದಾಗ ಭಾನುವಾರದ ಊಟವಾದ ಮೇಲೆ ಅವಳು ವೀಳ್ಯದೆಲೆಗೆ ಸುಣ್ಣ ಹಚ್ಚಿ, ಮಡಚಿ ನನ್ನ ಕೈಗಿಡುತ್ತಿದ್ದಳು. ಸಿಂಗಾಪುರದಲ್ಲಿ ಬೆಡೋಕ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲೂ ಊಟವಾದೊಡನೆ ಕೈ ತಾನಾಗಿ ಮುಂದೆ ಚಾಚಿಕೊಳ್ಳುತ್ತಿತ್ತು. ಎದುರಿಗೆ ಫ್ರಿಜ್.

ದಸರಾ ರಜೆಗೆ ಒಂದು ವಾರ ಬರುತ್ತೇನೆ ಎಂದಳು. ಅವಳನ್ನು ಇಲ್ಲೇ ಉಳಿಸಿಕೊಳ್ಳಲು ಯೋಜನೆ ಸಿದ್ಧವಾಯಿತು. ಲ್ಯಾಬಿನಲ್ಲಿ ಸೊಪ್ಪಿನ ಎಲೆಯನ್ನೂ ಹಾಗೆಯೇ ತೊಳೆದು, ಗಾಜಿನಂತಾದ ಎಲೆಯ ನರಗಳಲ್ಲಿ ಕೆಂಪು ನೀರು ಹರಿಸಿದ್ದನ್ನು ನೋಡಿದ್ದೆ. ವೀಳ್ಯದೆಲೆಯೋ, ಹೃದಯದ ಆಕಾರದ್ದೇ! ಅದರ ನರಗಳಲ್ಲಿ ಕುಂಕುಮದ ನೀರು ಹರಿಸಿ ತೋರಿಸಿದರೆ ಆಯಿತು. ಬಾಯಿ ಬಿಟ್ಟು ಕೇಳುವ ಕಷ್ಟವೇ ಇಲ್ಲ.

ನಮ್ಮವರ ಅಂಗಡಿಗಳಿರುವ ಲಿಟಲ್ ಇಂಡಿಯಾದಿಂದ ಒಂದು ಕಟ್ಟು ಎಲೆ ತಂದೆ. ಸೋಪಿನ ನೀರಿನಲ್ಲಿ ನಿಧಾನವಾಗಿ ಕಲಕುತ್ತಲೇ ಇರಬೇಕಂತೆ. ಕಲಕುತ್ತ ಕೂರಲು ಯಾರಿಗೆ ಪುರುಸೊತ್ತು? ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿದ್ದ ನಮ್ಮ ವಾಷಿಂಗ್ ಮಷೀನಿನಲ್ಲಿ ನಾಜೂಕು ಬಟ್ಟೆಗೆಂದೇ ಒಂದು ಗುಂಡಿಯಿತ್ತು. ಪಾತ್ರೆ ತೊಳೆಯುವ ಸೋಪು ಧಾರಾಳವಾಗಿ ಸುರಿದು, ಅದನ್ನು ಒತ್ತಿದೆ.

ಮೊದಲು ನೊರೆ ಬಂತು. ಆಮೇಲೆ ನೊರೆ ಅಡುಗೆಮನೆ ದಾಟಿತು. ಆಮೇಲೆ ಕಾರಿಡಾರ್! ಪಕ್ಕದ ಮನೆಯ ಚೀನೀ ಆಂಟಿ ಬಾಗಿಲು ಬಡಿದರು.

"ಅಂಕಲ್, ವೈ ಯುವರ್ ವಾಟರ್ ಗ್ರೀನ್? ಯು ವಾಶಿಂಗ್ ಟ್ರೀ, ಆಹ್?"

"ಸೈನ್ಸ್, ಆಂಟಿ" ಎಂದೆ ಗಂಭೀರವಾಗಿ.

"ಸೈನ್ಸ್ ಡು ಇನ್ ಆಫೀಸ್ ಲಾ!" ಎಂದು ನೆಲ ಒರೆಸುವ ಕೋಲನ್ನು ನನ್ನ ಕೈಗೆ ತುರುಕಿದರು.

ಅಷ್ಟರಲ್ಲಿ ಮಷೀನ್ ಒಮ್ಮೆ ನರಳಿ ನಿಂತೇಹೋಯಿತು. ಒಳಗೆ ಎಲೆಗಳೆಲ್ಲ ಚಟ್ನಿ. ಏರ್‌ಪೋರ್ಟಿಗೆ ಹಾಕಿಕೊಂಡು ಹೋಗಬೇಕಿದ್ದ ಬಿಳಿ ಶರ್ಟನ್ನು ನಾನು ಅದರೊಳಗೇ ಮರೆತಿದ್ದೆ. ಅದೂ ಹಸಿರು! ಉಳಿದದ್ದು ಒಂದೇ ಎಲೆ. ಅದನ್ನು ಸೋಪಿನ ನೀರಿದ್ದ ಬಟ್ಟಲಿಗೆ ಹಾಕಿ, ಅವಳು ಬರುವವರೆಗೂ ಚಮಚದಲ್ಲಿ ಕಲಕಿದೆ. ಅದು ಗಾಜಿನಂತಾಗಲಿಲ್ಲ, ಬೆಂದ ಎಲೆಕೋಸಿನಂತಾಯಿತು.

ವಸುಧಾ ಬಂದಳು. ಕೆಟ್ಟು ನಿಂತ ಮಷೀನನ್ನೂ ನೋಡಿದಳು. ಊಟವಾಯಿತು. ನಾನು ಬಟ್ಟಲನ್ನು ಎದುರಿಗಿಟ್ಟು, ಗಂಟಲು ಸರಿಮಾಡಿಕೊಂಡು, ಎಲೆಯ ತೊಟ್ಟಿಗೆ ಕುಂಕುಮದ ನೀರು ಬಿಟ್ಟೆ. ನರಗಳಲ್ಲಿ ಹನಿಯೂ ಹರಿಯಲಿಲ್ಲ. ತೊಟ್ಟು ಕಳಚಿತು. ನೀರೆಲ್ಲ ಅವಳ ಸೀರೆಯ ಮೇಲೆ!

"ರೀ, ಕೊಳೆತ ಎಲೆ ಇಟ್ಕೊಂಡು ಇದೇನ್ರೀ ಮಾಡ್ತಿದೀರ?"

ಸಿದ್ಧಮಾಡಿಕೊಂಡಿದ್ದ ಭಾಷಣ ಪೂರ್ತಿ ಮರೆತುಹೋಯಿತು. "ನೀನಿಲ್ದೆ ನಂಗೆ ಇಲ್ಲಿ ಇರೋಕಾಗ್ತಿಲ್ಲ ವಸು. ಇಲ್ಲೇ ಇದ್ಬಿಡು" ಎಂದುಬಿಟ್ಟೆ.

ಅವಳು ಬ್ಯಾಗಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಮೈಸೂರಿನ ಎಲೆ ತೆಗೆದು, ಸುಣ್ಣ ಹಚ್ಚಿ, ಮಡಚಿ ನನ್ನ ಕೈಗಿಟ್ಟಳು.

"ಈ ಒಂದ್ ಮಾತು ಫೋನಲ್ಲಿ ಹೇಳ್ಬಾರ್ದಿತ್ತಾ? ನಾನು ಕಾಯ್ತಾನೇ ಇದ್ದೆ. ಈಗ ಪರೀಕ್ಷೆ ಮುಗಿಯೋವರ್ಗೂ ಮಕ್ಕಳನ್ನ ಬಿಟ್ ಬರೋಕಾಗಲ್ಲ. ಏಪ್ರಿಲ್‌ಗೆ ಬರ್ತೀನಿ. ಅಷ್ಟ್ರಲ್ಲಿ ಆ ಮಷೀನ್ ರಿಪೇರಿ ಮಾಡ್ಸಿ."

ಅವಳ ವಿಮಾನ ಹೊರಟ ಮರುದಿನವೇ ರಿಪೇರಿಯವರನ್ನು ಕರೆಸಿದೆ. ಬಂದಾತ ಹಿಂದಿನ ಪೈಪು ಬಿಚ್ಚಿ, ಸೋಪಿನ ನೀರಿನಲ್ಲಿ ಅಷ್ಟು ದಿನ ಸಿಕ್ಕಿಕೊಂಡಿದ್ದ ಒಂದು ವೀಳ್ಯದೆಲೆಯನ್ನು ಎಳೆದು ತೆಗೆದ. ಬೆಳ್ಳಗೆ, ಗಾಜಿನ ಹಾಗೆ, ಒಂದೊಂದು ನರವೂ ಕಾಣುತ್ತಿತ್ತು!

ಅದನ್ನು ಅಂಗೈಯಲ್ಲಿಟ್ಟುಕೊಂಡು "ವಸೂ, ಇಲ್ನೋಡು!" ಎಂದು ಅಡುಗೆಮನೆಗೆ ಓಡಿದೆ.

ಎದುರಿಗೆ ಫ್ರಿಜ್.